ಕಾಲುವೆ ದಂಡೆಯ ಬಿದಿಗೆ

ನಮ್ಮೂರಿನಲ್ಲಿ ಹೋದ ದಾರಿಯಲ್ಲೇ ವಾಪಸು ಬರಬೇಕು. ಹಾಗೆಂದು ಯಾರೂ ನಿಯಮ ಮಾಡಿದ್ದಲ್ಲ. ಬರದಿದ್ದರೆ ಹೆಜ್ಜೆ ಉಳಿಯುತ್ತದೆ, ಅಷ್ಟೆ. ಊರ ಗಡಿಕಲ್ಲುಗಳ ಒಳಗೆ ಮಣ್ಣಿನ ಮೇಲೆ ಮೂಡಿದ ಹೆಜ್ಜೆ ಮಳೆಗೆ ಅಳಿಯುವುದಿಲ್ಲ, ಗಾಳಿಗೆ ಮುಚ್ಚುವುದಿಲ್ಲ, ಪೊರಕೆಗೂ ಜಗ್ಗುವುದಿಲ್ಲ. ಅದೇ ಕಾಲು ಹಿಂತಿರುಗಿ ಬಂದು ಅದೇ ಗುರುತಿನ ಮೇಲೆ ಊರಿದರೆ ಮಾತ್ರ ಎರಡೂ ಒಟ್ಟಿಗೆ ಮಾಯವಾಗುತ್ತವೆ. ಬಲಗಾಲಿನ ಗುರುತಿಗೆ ಬಲಗಾಲೇ ಬೇಕು. ಆದ್ದರಿಂದ ನಮ್ಮ ಜನ ಹೋಗುವಾಗ ನೆಟ್ಟಗೆ ನಡೆಯುತ್ತಾರೆ, ಬರುವಾಗ ಬಲದ ಗುರುತು ಎಡಕ್ಕೆ ಸಿಗುವುದರಿಂದ ಕತ್ತರಿಗಾಲು ಹಾಕುತ್ತಾ ತೂಗಾಡಿಕೊಂಡು ಬರುತ್ತಾರೆ. ದೂರದಿಂದ ನೋಡಿದರೂ ಮನೆ ಬಿಟ್ಟವರು ಯಾರು, ಮನೆಗೆ ಮರಳುವವರು ಯಾರು ಎಂದು ತಿಳಿಯುತ್ತದೆ. ಚಪ್ಪಲಿ ಮೆಟ್ಟುವುದು ಗಡಿಕಲ್ಲು ದಾಟಿದ ಮೇಲೆ. ಊರೊಳಗೆ ಪಾದ ಮುಚ್ಚಿಕೊಂಡವನನ್ನು ಕಳ್ಳನೆಂದೇ ತಿಳಿಯುತ್ತಾರೆ.

ಇದಕ್ಕೆ ಜನ ಹೇಗೋ ಹೊಂದಿಕೊಂಡಿದ್ದಾರೆ. ಅಂಚೆಯವನು ಬೆಳಿಗ್ಗೆ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಕಾಗದ ಕೊಡುತ್ತಾ ಹೋಗುತ್ತಾನೆ, ಮಧ್ಯಾಹ್ನ ಬರಿಗೈಯಲ್ಲಿ ಅದೇ ಬಾಗಿಲುಗಳ ಮುಂದೆ ಹಾದು ಬರುತ್ತಾನೆ. ಮದುವೆಯಾಗಿ ಬಂದ ಹುಡುಗಿಯ ಹೆಜ್ಜೆ ತವರಿನಿಂದ ಗಂಡನ ಮನೆಯವರೆಗೆ ಬೀದಿಯಲ್ಲಿ ಉಳಿದಿರುತ್ತದೆ. ಮೊದಲ ಸಲ ತವರಿಗೆ ಹೋಗುವಾಗ ಅವಳು ತುಳಿದು ಅಳಿಸಿದರೆ ನೋಡುವವರ ಕಣ್ಣು ತುಂಬುತ್ತದೆ. ಸಂತೆಯಲ್ಲಿ ಕುಸಿದು ಸತ್ತವರ ಕಡೆಯ ಹೆಜ್ಜೆಗಳು ಮನೆಯಿಂದ ಸಂತೆಯವರೆಗೆ ಹಾಗೆಯೇ ಇರುತ್ತವೆ, ಮನೆಯವರು ಹಬ್ಬದ ದಿನ ಅವಕ್ಕೆ ಅರಿಶಿನ ಹಚ್ಚುತ್ತಾರೆ. ಇನ್ನೊಂದು ಅಭ್ಯಾಸವೂ ಬೆಳೆದಿದೆ. ಎದುರಿಗೆ ಯಾರಾದರೂ ಸಿಕ್ಕಾಗ ನಾವು ಮುಖ ನೋಡುವುದಿಲ್ಲ, ಪಾದ ನೋಡುತ್ತೇವೆ.

ನಾನು ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ಹತ್ತೊಂಬತ್ತು ವರ್ಷ ಇಲ್ಲಿನ ಕೋರ್ಟಿನಲ್ಲಿ ಹೆಜ್ಜೆ ಪರೀಕ್ಷಕನಾಗಿದ್ದೆ. ಸ್ಟೀಲಿನ ಅಳತೆಪಟ್ಟಿ, ಆಳ ನೋಡುವ ಸೂಜಿ, ಅಚ್ಚು ತೆಗೆಯಲು ಪ್ಲಾಸ್ಟರ್ ಪುಡಿ, ಚೌಕಳಿ ಹಾಳೆಯ ನೋಟ್‌ಬುಕ್ಕು, ಇಷ್ಟು ನನ್ನ ಸರಂಜಾಮು. ಹಿಂತಿರುಗುವಾಗ ಪಾದ ಕರಾರುವಾಕ್ಕಾಗಿ ಕೂರದಿದ್ದರೆ ಹಳೆಯ ಗುರುತಿನ ಅಂಚು ಒಂದಿಷ್ಟು ಉಳಿದುಬಿಡುತ್ತದೆ, ಅಮಾವಾಸ್ಯೆ ಕಳೆದ ಎರಡನೆಯ ದಿನದ ಚಂದ್ರನ ಹಾಗೆ. ಅದನ್ನು ನಮ್ಮೂರಲ್ಲಿ ಬಿದಿಗೆ ಎನ್ನುತ್ತಾರೆ. ಅವಸರದವರು, ಕುಡುಕರು, ಮನಸ್ಸು ಬೇರೆಲ್ಲೋ ಇರುವವರು ದಾರಿಯುದ್ದಕ್ಕೂ ಬಿದಿಗೆ ಬಿಡುತ್ತಾರೆ. ನನ್ನ ಹೆಂಡತಿ ವಾರಿಜ ಮದುವೆಯಾದ ಹದಿನಾರು ವರ್ಷದಲ್ಲಿ ಒಂದನ್ನೂ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ. ಕಂಡಿರಲಿಲ್ಲ ಎಂದರೆ ನೋಡುತ್ತಿದ್ದೆ ಎಂದೇ ಅರ್ಥ.

ಕೋರ್ಟಿಗೆ ಬರುವ ಮೊಕದ್ದಮೆಗಳಲ್ಲಿ ಜನ ಕಿಕ್ಕಿರಿದು ಸೇರುತ್ತಿದ್ದುದು ಓಡಿಹೋದವರ ಮೊಕದ್ದಮೆಗೆ. ನಮ್ಮ ಕಾಯಿದೆ ಹಳೆಯದು. ಪರರ ಹೆಂಡತಿಯೆಂದು ತಿಳಿದೂ ಅವಳನ್ನು ಗಡಿ ದಾಟಿಸಿ ಕರೆದೊಯ್ದ ಗಂಡಸಿಗೆ ಎರಡು ವರ್ಷ ಸಜೆ, ಓಡಿಹೋಗುವವಳಿಗೆ ಅನ್ನ, ಬಟ್ಟೆ ಕೊಟ್ಟು ನೆರವಾದವನಿಗೆ ಆರು ತಿಂಗಳು. ದೂರು ಕೊಡುವ ಹಕ್ಕು ಗಂಡನಿಗೆ ಮಾತ್ರ. ಹೋದವಳಿಗೆ ಶಿಕ್ಷೆಯಿಲ್ಲ, ಅವಳ ಹೇಳಿಕೆಯೂ ಬೇಕಿಲ್ಲ. ಏಕೆಂದರೆ ಅದೇ ಕಾಯಿದೆಯ ಕೊನೆಯಲ್ಲಿ ಹೀಗಿದೆ: ಮದುವೆಯಾದ ಹೆಂಗಸಿನ ಹೆಜ್ಜೆಯನ್ನು ಅವಳ ಗಂಡನ ಹೆಜ್ಜೆಯೆಂದೇ ಎಣಿಸತಕ್ಕದ್ದು. ಒಬ್ಬಾಕೆ ದೇವಸ್ಥಾನದ ಅಂಗಳದ ರಂಗೋಲಿ ತುಳಿದಳೆಂದು ಅವಳ ಗಂಡ, ಪಾಪ, ಆ ದಿನ ಊರಲ್ಲೇ ಇಲ್ಲದವನು, ಒಂದು ಹಗಲು ಪೊಲೀಸ್ ಠಾಣೆಯ ಮುಂದೆ ನಿಂತಿದ್ದ. ನಾವೆಲ್ಲ ನಕ್ಕಿದ್ದೆವು.

ಹಿಟ್ಟಿನ ಗಿರಣಿಯ ಪರಮಶಿವಯ್ಯನ ದೂರು ಬಂದದ್ದು ಒಂದು ಸೋಮವಾರ. ತನ್ನ ಹೆಂಡತಿ ದಾಕ್ಷಾಯಿಣಿಯನ್ನು ಸ್ಟೌವು ರಿಪೇರಿಯ ಚೆಲುವಯ್ಯ ಪುಸಲಾಯಿಸಿ ಕರೆದುಕೊಂಡು ಹೋಗಿದ್ದಾನೆ ಎಂದು ಬರೆದಿತ್ತು. ನಾನು ಮೊದಲು ಅವನ ಮನೆ ನೋಡಿದೆ. ಪರಮಶಿವಯ್ಯನ ಕೂದಲು, ಹುಬ್ಬು ಎಲ್ಲ ಹಿಟ್ಟಿನಿಂದ ಬೆಳ್ಳಗಿತ್ತು. ಮಾತು ಹೆಚ್ಚಿಲ್ಲ. ಹೊಸ್ತಿಲಿನ ಹೊರಗೆ ದಿನಾ ಸಂಜೆ ಹೆಂಡತಿಯ ಹೆಜ್ಜೆ ನೋಡುವುದು ತನ್ನ ಪದ್ಧತಿಯೆಂದೂ ಇಷ್ಟು ವರ್ಷ ಒಂದೂ ಬಾಕಿ ಉಳಿದಿರಲಿಲ್ಲವೆಂದೂ ಹೇಳಿದ. ನನಗೆ ಅದು ವಿಚಿತ್ರವೆನಿಸಲಿಲ್ಲ. ಒಳಕೋಣೆಯ ಕೆಂಪು ಗಾರೆ ನೆಲದ ಮೇಲೆ ನಾಲ್ಕು ಬಿಳಿಚಿದ ಗುರುತುಗಳಿದ್ದವು, ಭಾರದ ವಸ್ತುವೊಂದು ಬಹಳ ಕಾಲ ಕೂತಿದ್ದ ಹಾಗೆ. ಕಾಳಿನ ಪೆಟ್ಟಿಗೆ ಇರಬಹುದೆಂದು ಬರೆದುಕೊಂಡೆ.

ದಾಕ್ಷಾಯಿಣಿಯ ಹೆಜ್ಜೆ ಮನೆಯಿಂದ ಹೊರಟು ಕಾಲುವೆ ಏರಿಯ ಮೇಲೆ ಬೆಳೆದ ಅತ್ತಿಮರದವರೆಗೆ ಸಲೀಸಾಗಿ ಸಿಕ್ಕಿತು. ಪಕ್ಕದಲ್ಲೇ ಚೆಲುವಯ್ಯನ ಹೆಜ್ಜೆ. ಮರದ ಕೆಳಗೆ ಅವನು ಸಾಮಾನು ಹೇರುವ ತಳ್ಳುಗಾಡಿ ನಿಂತಿತ್ತು. ಅಲ್ಲಿಂದ ಮುಂದೆ ಗಡಿಕಲ್ಲಿನವರೆಗೆ ಸಡಿಲ ಮರಳು, ಗಾಡಿ ಉರುಳುವುದಿಲ್ಲ. ಆ ಮುನ್ನೂರ ಹನ್ನೆರಡು ಹೆಜ್ಜೆ ದೂರಕ್ಕೂ ಇದ್ದದ್ದು ಚೆಲುವಯ್ಯನ ಪಾದ ಮಾತ್ರ. ಮರದ ಈಚೆಗೆ ಅದರ ಆಳ ಆರು ಮಿಲಿಮೀಟರ್, ಆಚೆಗೆ ಹತ್ತು. ಹೆಂಗಸಿನ ಹೆಜ್ಜೆ ಮರದ ಬುಡದಲ್ಲಿ ನಿಂತೇಹೋಗಿತ್ತು.

ಏನಾಗಿದೆಯೆಂದು ಯಾರಾದರೂ ಹೇಳಬಹುದಿತ್ತು. ನನಗೆ ಅಂಕಿ ಬೇಕಿತ್ತು. ಚೆಲುವಯ್ಯನಷ್ಟೇ ಮೈಕಟ್ಟಿನ ಕೋರ್ಟಿನ ಜವಾನ ರಂಗಪ್ಪನ ತಲೆಯ ಮೇಲೆ ಮರಳಿನ ಚೀಲ ಹೊರಿಸಿ ಅದೇ ಮರಳಿನಲ್ಲಿ ನಡೆಸಿದೆ. ಚೀಲ ಹೆಚ್ಚಿಸುತ್ತಾ ಹೋದೆ. ಪ್ರತಿ ಸಲವೂ ಕತ್ತರಿಗಾಲು ಹಾಕಿ ಹಿಂದೆ ಬಂದು ಅಳಿಸಬೇಕಾಗಿದ್ದರಿಂದ ಅವನು, "ಓಡೋದೋರು ಆರಾಮಾಗವ್ರೆ, ಸಜೆ ನನಗೆ," ಎಂದು ಗೊಣಗಿದ. ನಲವತ್ತೊಂದು ಕಿಲೋ ಹೊತ್ತಾಗ ಆಳ ಹತ್ತು ಮಿಲಿಮೀಟರ್ ಮುಟ್ಟಿತು. ಗಿರಣಿಯ ತಕ್ಕಡಿಯಲ್ಲಿ ಯುಗಾದಿಯ ಸುಮಾರಿಗೆ ತಮಾಷೆಗೆಂದು ತೂಗಿಕೊಂಡಾಗ ದಾಕ್ಷಾಯಿಣಿ ನಲವತ್ತೆರಡು ಕಿಲೋ ಇದ್ದಳಂತೆ. ನನ್ನ ಅಳತೆಯ ದೋಷ ಎರಡು ಕಿಲೋ. ಅತ್ತಿಮರದಿಂದ ಮುಂದೆ ಆರೋಪಿಯು ಹೆಂಗಸನ್ನು ಹೊತ್ತು ಗಡಿ ದಾಟಿಸಿದ್ದಾನೆ ಎಂದು ವರದಿ ಬರೆದೆ. ಅಷ್ಟು ಚೊಕ್ಕವಾದ ವರದಿಯನ್ನು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಇನ್ನೂ ಒಂದು ಸಾಲಿತ್ತು: ಮರದ ಆಚೆ ಮೂರು ಬಿದಿಗೆ, ಹೆಂಗಸಿನ ಪಾದದ್ದು, ಯಾವ ದಿನದವೋ ತಿಳಿಯದು. ಅದನ್ನು ವರದಿಗೆ ಸೇರಿಸಲಿಲ್ಲ. ಮೂರು ಚೂರು ಗುರುತು, ಹಳೆಯವಿರಬಹುದು. ಲೆಕ್ಕ ಕೂಡಿಬಂದಿತ್ತು.

ನಾಲ್ಕನೆಯ ದಿನ ಚೆಲುವಯ್ಯ ಬಸ್ಸಿನಿಂದಿಳಿದ. ಒಬ್ಬನೇ. ದಫೇದಾರ ಮೂಗೂರಯ್ಯ ಅವನನ್ನು ಗಡಿಕಲ್ಲಿನ ಹತ್ತಿರವೇ ಹಿಡಿದು ಜೀಪಿಗೆ ಹತ್ತಿಸಿದ. ಹೆಜ್ಜೆ ತುಳಿದು ಅಳಿಸಿಬಿಡಬಾರದಲ್ಲ. ಪಾದದ ಅಚ್ಚು ತೆಗೆಯಲು ನಾನು ಲಾಕಪ್ಪಿಗೆ ಹೋದೆ. ಐವತ್ತರ ಮನುಷ್ಯ, ಕೈಯ ಗೆರೆಗಳಲ್ಲೆಲ್ಲ ಸೀಮೆಎಣ್ಣೆಯ ಮಸಿ. ಪ್ಲಾಸ್ಟರಿನಲ್ಲಿ ಕಾಲಿಟ್ಟುಕೊಂಡು ಕೂತವನು ಮೆಲ್ಲಗೆ ಹೇಳಿದ, "ನಾನು ಹೊತ್ತಿದ್ದು ಮಿಷನ್ನು ಸ್ವಾಮಿ. ಹೊಲಿಯೋ ಮಿಷನ್ನು. ಹೆಂಗಸನ್ನಲ್ಲ."

ಹಾಗಿದ್ದರೆ ಆ ಮಿಷನ್ನು ಎಲ್ಲಿ ಎಂದು ಮೂಗೂರಯ್ಯ ಕೇಳಿದ. ಚೆಲುವಯ್ಯ ಬಾಯಿ ಬಿಡಲಿಲ್ಲ. ಹೊಡೆದರೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವೇ ಇರಲಿಲ್ಲ ಎಂದು ಪರಮಶಿವಯ್ಯ ಬರೆದುಕೊಟ್ಟ. ಅಲ್ಲಿಗೆ ಮುಗಿಯಿತು. ಚೆಲುವಯ್ಯನನ್ನು ಜೈಲಿಗೆ ಕಳಿಸಿದರು, ವಿಚಾರಣೆಗೆ ಆರು ವಾರದ ಆಚೆಯ ದಿನ ಗೊತ್ತಾಯಿತು.

ಆಗಲೇ ನನ್ನ ಅನುಮಾನ ಮನೆಯ ಕಡೆ ತಿರುಗಿದ್ದು. ವಾರಿಜ ಎರಡು ವರ್ಷದಿಂದ ಶುಕ್ರವಾರ ಮಧ್ಯಾಹ್ನ ದಾಕ್ಷಾಯಿಣಿಯ ಮನೆಗೆ ಹೋಗಿಬರುತ್ತಿದ್ದಳು. ಇಂಥ ಸುದ್ದಿ ಸಿಕ್ಕರೆ ಊರ ಹೆಂಗಸರು ತಿಂಗಳು ಮಾತಾಡುತ್ತಾರೆ. ಇವಳು ಒಂದು ಮಾತೂ ಆಡಲಿಲ್ಲ. ಚೆಲುವಯ್ಯನ ಬಗ್ಗೆ ನಾನು ವರದಿ ಬರೆದ ದಿನ ಮಾತ್ರ ಅನ್ನ ಬಡಿಸುತ್ತಾ, ನಿಮ್ಮ ಲೆಕ್ಕ ಸರಿಯಾಗಿದೆಯೆಂದು ನಿಮಗೆ ಖಾತ್ರಿಯೇ ಎಂದು ಕೇಳಿದಳು. ಎರಡು ಕಿಲೋ ದೋಷ ಬಿಟ್ಟರೆ ಖಾತ್ರಿ ಎಂದೆ. ಅವಳು ಸಾರಿನ ಪಾತ್ರೆ ಒಳಗಿಟ್ಟು ಬಂದಳು. ಚೆಲುವಯ್ಯ ಜೈಲಿಗೆ ಹೋದ ಮರುದಿನದಿಂದ ನಾನು ಕೋರ್ಟಿಗೆ ಹೊರಡುವಾಗ ನಮ್ಮ ಹೊಸ್ತಿಲ ಹೊರಗೆ ಕುಕ್ಕರಗಾಲಿನಲ್ಲಿ ಕೂತು ನೋಡತೊಡಗಿದೆ, ಬಂದ ಮೇಲೂ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಏನೂ ಇಲ್ಲದಿರುವುದೇ ನನ್ನನ್ನು ಕೊರೆಯಿತು. ಮನೆ ಬಿಟ್ಟು ಹೋಗಿರಲೇ ಇಲ್ಲವೋ, ಅಥವಾ ಹೋಗಿ ಅಷ್ಟು ಕರಾರುವಾಕ್ಕಾಗಿ ಬಂದಳೋ? ಯಾವ ಸೂಜಿಯೂ ಅದನ್ನು ಅಳೆಯುವುದಿಲ್ಲ. ಪರಮಶಿವಯ್ಯನೂ ಹೀಗೆಯೇ ಕೂರುತ್ತಿದ್ದನೆಂಬುದು ಒಂದು ಬೆಳಿಗ್ಗೆ ನೆನಪಾಯಿತು. ಎದ್ದು ಪಂಚೆ ಕೊಡವಿಕೊಂಡೆ.

ವಿಚಾರಣೆಗೆ ವಾರವಿದ್ದಾಗ ಮ್ಯಾಜಿಸ್ಟ್ರೇಟರು ಸ್ಥಳದ ನಕ್ಷೆ ಕೇಳಿದರು. ಮತ್ತೆ ಕಾಲುವೆ ಏರಿಗೆ ಹೋದೆ. ಅತ್ತಿಮರದ ದೊಡ್ಡದೊಂದು ಬೇರು ದಂಡೆಯಿಂದ ಇಳಿದು ನೀರಿನೊಳಗೆ ಹೋಗಿದೆ. ಬೇರಿನ ಮೇಲೂ ನೀರಿನ ಅಡಿಯಲ್ಲೂ ಹೆಜ್ಜೆ ಮೂಡುವುದಿಲ್ಲ. ಮೊದಲು ಬಂದ ದಿನ ಅದು ನನಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ನೀರಿನಗುಂಟ ಒಗೆಯುವ ಕಲ್ಲಿನವರೆಗೂ ನಡೆದು ದಂಡೆ ನೋಡಿದ್ದೆ. ನೋಟ್‌ಬುಕ್ಕಿನಲ್ಲಿ ಆ ಸೋಮವಾರದ ತಾರೀಖಿನಲ್ಲಿ ನನ್ನದೇ ಅಕ್ಷರದಲ್ಲಿದೆ: ಒಗೆಯುವ ಕಲ್ಲಿನ ಬಳಿ ಏನೂ ಇಲ್ಲ. ಈಗ ಅದೇ ಕಲ್ಲಿನ ಪಕ್ಕದಲ್ಲಿ, ಒದ್ದೆ ಮಣ್ಣಿನಲ್ಲಿ, ಒಂದು ಬಿದಿಗೆ ಇತ್ತು. ಎಡಗಾಲಿನದು. ಹಿಮ್ಮಡಿಯ ಹೊರಅಂಚಿನಲ್ಲಿ ಸಣ್ಣದೊಂದು ಬಿರುಕು. ಆ ಬಿರುಕಿಗೆ ಚಳಿಗಾಲದಲ್ಲಿ ಹರಳೆಣ್ಣೆ ಹಚ್ಚಿಕೊಳ್ಳುವುದನ್ನು ಹದಿನಾರು ವರ್ಷದಿಂದ ನೋಡಿದ್ದೇನೆ. ಅಳತೆಪಟ್ಟಿ ತೆಗೆಯಲೇ ಇಲ್ಲ.

ವಾಪಸು ಬರುವಾಗ ಕೋರ್ಟಿನ ಎದುರಿನ ದರ್ಜಿಯ ಅಂಗಡಿಗೆ ಹೋಗಿ, ಕಬ್ಬಿಣದ ಸ್ಟ್ಯಾಂಡು ಸಮೇತ ಹಳೆಯ ಹೊಲಿಗೆ ಯಂತ್ರವೊಂದನ್ನು ತೂಗಿಸಬೇಕೆಂದೆ. ದರ್ಜಿ ನನಗೆ ತಲೆ ಕೆಟ್ಟಿತೆಂದುಕೊಂಡ. ಆದರೂ ಇಬ್ಬರು ಸೇರಿ ಪಕ್ಕದ ಗುಜರಿಯವನ ತಕ್ಕಡಿಗೆ ಏರಿಸಿದೆವು. ನಲವತ್ತು ಕಿಲೋ. ಅದನ್ನು ನೆಲಕ್ಕಿಳಿಸಿದಾಗ ಸ್ಟ್ಯಾಂಡಿನ ನಾಲ್ಕು ಕಾಲು ಕಂಡವು. ಗಿರಣಿಯವನ ಮನೆಯ ಗಾರೆ ನೆಲದ ನಾಲ್ಕು ಗುರುತಿನ ಅಂತರ ನನ್ನ ನೋಟ್‌ಬುಕ್ಕಿನಲ್ಲಿ ಇದ್ದೇ ಇತ್ತು. ಕೂಡಿಬಂತು. ಹೆಂಗಸಿಗೂ ಕೂಡಿಬಂದಿತ್ತು, ಯಂತ್ರಕ್ಕೂ ಕೂಡಿಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ವಾರಿಜಳ ಎದುರು ಕೂತೆ. ಒಗೆಯುವ ಕಲ್ಲಿನ ಹತ್ತಿರ ಬಿದಿಗೆ ಇದೆ ಎಂದೆ. "ನೋಡಿದ್ರಾ," ಎಂದಳು. ಹೂಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಲಿಲ್ಲ.

ಅವಳು ಹೇಳಿದ್ದು ಇಷ್ಟು. ಯಂತ್ರ ದಾಕ್ಷಾಯಿಣಿಗೆ ತವರಿನವರು ಕೊಟ್ಟದ್ದು. ಅವಳು ನಾಲ್ಕು ಮನೆಗೆ ರವಿಕೆ ಹೊಲಿದುಕೊಡಲು ಶುರುಮಾಡಿದಾಗ ಪರಮಶಿವಯ್ಯ ಅದರ ಮೇಲೆ ಗೋಣಿ ಹೊದಿಸಿ ಹಗ್ಗ ಬಿಗಿದ. ಆಮೇಲೂ ಅವಳು ಕೈಯಲ್ಲಿ ಹೊಲಿಯುವುದು ತಿಳಿದಾಗ, ಸೂಜಿ ಹಿಡಿಯುವ ಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಕದ ಅದುಮಿದ. ಹೋಗುವ ಯೋಚನೆ ಪೂರ್ತಿ ದಾಕ್ಷಾಯಿಣಿಯದು. ಯಂತ್ರ ಹೊರಲು ಆಳು ಬೇಕಿತ್ತು, ಚೆಲುವಯ್ಯ ಒಪ್ಪಿದ. ದಾಕ್ಷಾಯಿಣಿ ಗಡಿಯವರೆಗೆ ಜೊತೆಯಲ್ಲೇ ಹೋಗಿ ಅವನನ್ನೂ ಯಂತ್ರವನ್ನೂ ಬಸ್ಸಿಗೆ ಹತ್ತಿಸಿದಳು. ತನ್ನ ಹೆಜ್ಜೆ ಅವನ ಹೆಜ್ಜೆಯ ಜೊತೆ ಗಡಿಯಲ್ಲಿ ಉಳಿದರೆ ಅವನಿಗೆ ಎರಡು ವರ್ಷ ಆಗುತ್ತದೆಂದು ಹೆದರಿ, ಕತ್ತರಿಗಾಲು ಹಾಕಿ ಒಂದೊಂದನ್ನೇ ಅಳಿಸುತ್ತಾ ಅತ್ತಿಮರದವರೆಗೆ ಹಿಂದೆ ಬಂದಳು. ಬೇರು ಹಿಡಿದು ನೀರಿಗಿಳಿದಳು. ಒಗೆಯುವ ಕಲ್ಲಿನ ಹತ್ತಿರ ವಾರಿಜ ಒಣಗಿದ ಸೀರೆ, ಬುತ್ತಿ ಹಿಡಿದು ಕಾದಿದ್ದಳು. ದಾಕ್ಷಾಯಿಣಿ ನೀರಲ್ಲೇ ನಿಂತು ಅವನ್ನು ಇಸಿದುಕೊಂಡು, ನೀರಲ್ಲೇ ಗಡಿ ದಾಟಿ ಹೋದಳು.

ಅವನನ್ನು ಉಳಿಸಲೆಂದು ಅವಳು ಅಳಿಸಿದ ಮುನ್ನೂರು ಹೆಜ್ಜೆಯ ಖಾಲಿ ಜಾಗವನ್ನೇ ನಾನು ಅಳೆದು ಅವನ ಕೊರಳಿಗೆ ಕಟ್ಟಿದ್ದೆ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ನೀವು ನಂಬೋದು ನೆಲದ ಮೇಲಿರೋದನ್ನ." ಬತ್ತಿಯನ್ನು ತಟ್ಟೆಯಲ್ಲಿಟ್ಟಳು. "ಆ ದಿನ ಒಂದೂ ಬಿಡದೆ ಅಳಿಸಿ ಬಂದಿದ್ದೆ, ಅದಕ್ಕೇ ಹೋದ ವಾರ ಮತ್ತೆ ಹೋಗಿ ಒಂದು ಬಿದಿಗೆ ಬಿಟ್ಟು ಬಂದೆ. ಅಳತೆ ಮಾಡಿ ತರ್ತಾರೋ, ನನ್ನ ಕಾಲು ಅಂತ ಕಣ್ಮುಚ್ಚಿಕೊಂಡು ಬರ್ತಾರೋ ನೋಡೋಣ ಅಂತ."

ನಾನು ಹೊಸ್ತಿಲಲ್ಲಿ ಕೂತು ಅವಳನ್ನು ಪರೀಕ್ಷಿಸುತ್ತಿದ್ದಷ್ಟು ದಿನವೂ ಅವಳು ನನ್ನನ್ನು ಪರೀಕ್ಷಿಸಿದ್ದಳು. ಕಾಯಿದೆ ಅವಳಿಗೆ ಗೊತ್ತಿತ್ತು. ಮರದಾಚೆಯ ಮೂರು ಬಿದಿಗೆಯನ್ನು ಮಾತ್ರ ತೋರಿಸಿದರೆ ಹಳೆಯವೆಂದು ತಳ್ಳಿಹಾಕುತ್ತಾರೆ. ದಾಕ್ಷಾಯಿಣಿ ನೀರಿನಲ್ಲಿ ಹೋದಳೆನ್ನಲು ಒಗೆಯುವ ಕಲ್ಲಿನ ಗುರುತು ಬೇಕೇಬೇಕು. ಆ ಗುರುತು ವಾರಿಜಳದು, ವಾರಿಜಳ ಹೆಜ್ಜೆ ನನ್ನದು.

"ಬೇಡ ಅಂದ್ರೆ ನಾಳೆ ಬೆಳಿಗ್ಗೆ ಹೋಗಿ ತುಳಿದು ಬರ್ತೀನಿ," ಎಂದಳು. "ಐದು ನಿಮಿಷದ ಕೆಲಸ."

ಆ ವಾರವೆಲ್ಲ ಬೆಳಿಗ್ಗೆ ಕಾಲುವೆಯ ಕಡೆ ಹೋಗಿ ದೂರದಿಂದ ನೋಡುತ್ತಿದ್ದೆ. ಬಿದಿಗೆ ಇತ್ತು. ಇರುವುದೇ ಬೇಡವೆಂದು ಎರಡು ದಿನ ಅಂದುಕೊಂಡೆ. ಇರಲಿ ಎಂದುಕೊಂಡದ್ದು ಎಷ್ಟನೆಯ ದಿನವೋ ನೋಟ್‌ಬುಕ್ಕಿನಲ್ಲಿ ಬರೆದಿಲ್ಲ.

ವಿಚಾರಣೆಯ ದಿನ ವಾರಿಜ ನನಗಿಂತ ಮುಂದೆ ನಡೆದಳು. ಗಂಡ ಮುಂದೆ ಹೆಂಡತಿ ಹಿಂದೆ ನಡೆಯುವ ಬೀದಿಯಲ್ಲಿ ಜನ ನಮ್ಮ ಪಾದಗಳನ್ನು ನೋಡಿ ಮುಖಮುಖ ನೋಡಿಕೊಂಡರು. ಕಟಕಟೆಯಲ್ಲಿ ನಿಂತು ನಾನು ವರದಿ ಓದುವ ಬದಲು ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ. ಗಾರೆ ನೆಲದ ನಾಲ್ಕು ಗುರುತು, ಬಿಟ್ಟುಬಿಟ್ಟ ಮೂರು ಬಿದಿಗೆ, ದರ್ಜಿಯ ಯಂತ್ರದ ತೂಕ. ಪರಮಶಿವಯ್ಯ ಎದ್ದು ನಿಂತು ಕೂತ. ಆಮೇಲೆ ಒಗೆಯುವ ಕಲ್ಲಿನ ಬಿದಿಗೆಯ ಸಾಲು ಓದಿದೆ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿ ಅದು ಯಾರದೆಂದು ಕೇಳಿದರು.

"ನನ್ನ ಮನೆಯವಳದು ಸ್ವಾಮಿ. ಬುತ್ತಿ ಕೊಟ್ಟವಳು ಅವಳು. ಕಾಯಿದೆ ಪ್ರಕಾರ ನನ್ನದು."

ಹಿಂದಿನ ಬೆಂಚಿನಿಂದ ಯಾರೋ, "ಹಂಗಾರೆ ಗಿರಣಿ ಪರಮಶಿವಣ್ಣನೇ ಕಾಲುವೇಲಿ ಓಡೋದಂಗಾಯ್ತಲ್ಲ, ಹೆಂಡ್ತಿ ಹೆಜ್ಜೆ ಅವನ್ದೇ ತಾನೆ," ಎಂದರು. ಕೋರ್ಟೇ ನಕ್ಕಿತು, ದಫೇದಾರ ಮೂಗೂರಯ್ಯ ಮೀಸೆ ಒರೆಸಿಕೊಂಡ. ಮ್ಯಾಜಿಸ್ಟ್ರೇಟರು ಮಾತ್ರ ನಗಲಿಲ್ಲ. ಕಾಯಿದೆ ಪುಸ್ತಕವನ್ನು ಎರಡು ಸಲ ಓದಿದರು. ಮಧ್ಯಾಹ್ನ ಚೆಲುವಯ್ಯನನ್ನು ಬಿಟ್ಟರು, ನನಗೆ ಆರು ತಿಂಗಳು ವಿಧಿಸಿದರು. ಹುದ್ದೆಯೂ ಹೋಯಿತು. ವಾರಿಜಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಹೇಳಬೇಕೆಂದು ಎದ್ದು ನಿಂತೇ ಇದ್ದಳು.

ಚೆಲುವಯ್ಯ ಗಡಿಕಲ್ಲಿಗೆ ಹೋಗಿ ಅಲ್ಲಿಂದ ತನ್ನ ಮುನ್ನೂರ ಹನ್ನೆರಡು ಹೆಜ್ಜೆ ಅಳಿಸುತ್ತಾ ಬಂದನಂತೆ. ನಲವತ್ತು ಕಿಲೋ ಹೊತ್ತ ಪಾದ ಮರಳಿನಲ್ಲಿ ಅಗಲವಾಗಿ ಹರಡಿತ್ತು, ಖಾಲಿ ಪಾದ ಅದರ ತುಂಬ ಕೂರಲಿಲ್ಲ. ಆದ್ದರಿಂದ ಆ ದಾರಿಯುದ್ದಕ್ಕೂ ಇವತ್ತಿಗೂ ಬಿದಿಗೆಗಳ ಸಾಲಿದೆ.

ಮನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ ನಾನು ನಡೆದುಹೋದ ಹೆಜ್ಜೆಗಳು ಆರು ತಿಂಗಳು ಬೀದಿಯಲ್ಲಿ ಬಿದ್ದಿದ್ದವು. ಬಿಡುಗಡೆಯ ದಿನ ಕತ್ತರಿಗಾಲು ಹಾಕಿ ಒಂದೊಂದನ್ನೇ ತುಳಿಯುತ್ತಾ ಬಂದೆ. ಕೊನೆಯದು ನಮ್ಮ ಹೊಸ್ತಿಲ ಹೊರಗಿತ್ತು. ಬಾಗಿಲಲ್ಲಿ ವಾರಿಜ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ.

"ನಿನ್ನೆ ಗಡಿ ದಾಟಿ ದಾಕ್ಷಾಯಿಣಿ ಹತ್ರ ಹೋಗಿ ಬಂದೆ," ಎಂದಳು. "ಚೆನ್ನಾಗಿದಾಳೆ."

ನನ್ನ ಕಣ್ಣು ತಾನಾಗಿ ನೆಲಕ್ಕೆ ಹೋಯಿತು. ಹೊಸ್ತಿಲಿನಿಂದ ಬೀದಿಯ ತಿರುವಿನವರೆಗೆ ಮಣ್ಣು ನುಣ್ಣಗಿತ್ತು, ನನ್ನ ಆ ಕೊನೆಯ ಹೆಜ್ಜೆ ಬಿಟ್ಟರೆ ಎಲ್ಲೂ ಒಂದು ಗೆರೆಯಿಲ್ಲ. ಹೋಗಿದ್ದಳೆಂಬುದಕ್ಕಾಗಲಿ ಹೋಗಿರಲಿಲ್ಲವೆಂಬುದಕ್ಕಾಗಲಿ ಏನೂ ಇರಲಿಲ್ಲ.

"ನೆಲ ನೋಡ್ಬೇಡಿ," ಎಂದಳು.

ತಲೆಯೆತ್ತಿದೆ. ಅವಳ ಎಡ ಹುಬ್ಬಿನ ಕೂದಲೊಳಗೆ ಒಂದು ಹಳೆಯ ಗಾಯದ ಗುರುತಿತ್ತು, ಸಣ್ಣದು, ಬಿದಿಗೆಯ ಹಾಗೇ ಬಾಗಿದ್ದು. ನಾನು ಅದನ್ನು ಎಂದೂ ಕಂಡಿರಲಿಲ್ಲ. ಕೊನೆಯ ಹೆಜ್ಜೆಯನ್ನು ತುಳಿಯದೆ ಅಲ್ಲೇ ನಿಂತು, ಅದು ಯಾವಾಗಿನದು ಎಂದು ಕೇಳಿದೆ.